ಹುಚ್ಚೆಳ್ಳು ಅರಳಿದ ಕಣಿವೆ

ನನ್ನ ಮದುವೆ ನಿಶ್ಚಯವಾದಾಗ ಹುಡುಗನಿಗೆ ಏನು ಕೆಲಸ ಎಂದು ಕೇಳಿದವರಿಗೆಲ್ಲ ಅಪ್ಪಯ್ಯ ‘ಡ್ರಾಯಿಂಗ್’ ಎಂದಷ್ಟೇ ಹೇಳುತ್ತಿದ್ದರು. ಕೇಳಿದವರು ಯಾವುದೋ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರೆಂದು ತಿಳಿದುಕೊಂಡರೆ ತಿದ್ದುತ್ತಿರಲಿಲ್ಲ. ಅಪ್ಪಯ್ಯ ಮದ್ರಾಸಿನ ಪುರಸವಾಕ್ಕಂನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಉಡುಪಿಯ ಹತ್ತಿರದ ಹಳ್ಳಿಯಿಂದ ಬಂದು, ಮೂವತ್ತು ವರ್ಷ ಒಲೆಯ ಬಿಸಿಯಲ್ಲಿ ಬೆಂದು, ಒಂದು ಒಳ್ಳೆಯ ಹೆಸರು ಸಂಪಾದಿಸಿದವರು. ಕೋಡಂಬಾಕ್ಕಂನ ಸಿನಿಮಾ ಸ್ಟುಡಿಯೋದಲ್ಲಿ ಪರದೆ ಬರೆಯುವವನಿಗೆ ಮಗಳನ್ನು ಕೊಡುತ್ತಿದ್ದೇನೆ ಎಂದು ಆ ಐವತ್ತರ ದಶಕದಲ್ಲಿ ಹೇಳಿಕೊಳ್ಳಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಹುಡುಗ ಕುಂದಾಪುರದ ಕಡೆಯವ, ಸಾಧು, ಕುಡಿತವಾಗಲಿ ಬೀಡಿಯಾಗಲಿ ಇಲ್ಲ ಎಂಬ ಮೂರು ಮಾತಿನ ಬಲದ ಮೇಲೆ ಮದುವೆ ಆಯಿತು.

ಗಂಡನ ಹೆಸರನ್ನು ನಾನು ಆಗ ಹೇಳುತ್ತಿರಲಿಲ್ಲ, ಈಗಲೂ ಬರೆಯುವುದಿಲ್ಲ. ‘ಇವರು’ ಎಂದರೆ ನನ್ನ ಮಟ್ಟಿಗೆ ಒಬ್ಬರೇ.

ಇವರು ನಾಟಕ ಕಂಪೆನಿಯಲ್ಲಿ ಅರಮನೆ, ಉದ್ಯಾನ, ಸ್ಮಶಾನ ಎಂದು ಪರದೆ ಬರೆಯುತ್ತ ಊರೂರು ಸುತ್ತಿ, ಕಂಪೆನಿ ಮುಚ್ಚಿದ ಮೇಲೆ ಮದ್ರಾಸಿಗೆ ಬಂದವರು. ಕೋಡಂಬಾಕ್ಕಂ ರೈಲ್ವೆ ಗೇಟಿನಿಂದ ಹತ್ತು ನಿಮಿಷ ನಡೆದರೆ ನಮ್ಮ ಮನೆ. ನಾಲ್ಕು ಸಂಸಾರಗಳಿದ್ದ ಮನೆಯಲ್ಲಿ ನಮ್ಮದು ಹಿಂದಿನ ಪೋರ್ಷನ್, ಒಂದು ಕೋಣೆ ಮತ್ತು ಅಡುಗೆಮನೆ. ಮೇಲೆ ಎಲ್ಲರಿಗೂ ಸೇರಿದ ಮೊಟ್ಟೆಮಾಡಿ, ಅಂದರೆ ಬಯಲು ತಾರಸಿ. ಇವರು ಬೆಳಿಗ್ಗೆ ಹೋದರೆ ಸಂಜೆ ಬರುವಾಗ ಮೈಯೆಲ್ಲ ಬೂದಿ ಬಣ್ಣ. ಉಗುರಿನ ಸಂದಿಯಲ್ಲಿ, ಕಿವಿಯ ಹಿಂದೆ, ಹುಬ್ಬಿನ ಮೇಲೆ. ಬಣ್ಣದ ಕೆಲಸ ಮಾಡುವವರು ಬಣ್ಣಬಣ್ಣವಾಗಿ ಬರಬೇಕಲ್ಲ, ಇವರೇಕೆ ಇದ್ದಿಲು ಅಂಗಡಿಯಿಂದ ಬಂದವರ ಹಾಗೆ ಬರುತ್ತಾರೆ ಎಂದು ನನಗೆ ಅರ್ಥವಾಗಲಿಲ್ಲ. ಕೇಳಲು ನಾಚಿಕೆ. ಆರು ತಿಂಗಳಾದ ಮೇಲೆ ಒಂದು ದಿನ ಶೂಟಿಂಗ್ ಇರಲಿಲ್ಲವೆಂದು ಇವರೇ ನನ್ನನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋದರು.

ಗೋದಾಮಿನಂಥ ದೊಡ್ಡ ಕಟ್ಟಡದ ಒಳಗೆ ನೆಲದ ಮೇಲೆ ನಲವತ್ತು ಅಡಿ ಉದ್ದದ ಬಟ್ಟೆ ಹಾಸಿತ್ತು. ಇವರು ಚಪ್ಪಲಿ ಬಿಟ್ಟು ಬಟ್ಟೆಯ ಮೇಲೆಯೇ ನಡೆದರು. ಬಿದಿರು ಕೋಲಿನ ತುದಿಗೆ ಕಟ್ಟಿದ ಬ್ರಶ್ಶನ್ನು ಬಕೆಟ್ಟಿನಲ್ಲಿ ಅದ್ದಿ, ನಿಂತಲ್ಲಿಂದಲೇ, ಅಂಗಳಕ್ಕೆ ನೀರು ಚಿಮುಕಿಸುವ ಹೆಂಗಸಿನ ಹಾಗೆ ಅತ್ತಿತ್ತ ತೋಳು ಬೀಸಿದರು. ನನ್ನ ಕಣ್ಣಿಗೆ ಕಲೆಗಳಷ್ಟೇ ಕಂಡವು. ಆಮೇಲೆ ಏಣಿಯ ಮೇಲೆ ಹತ್ತಿಸಿ ನೋಡಲು ಹೇಳಿದರು. ಮೇಲಿನಿಂದ ನೋಡಿದರೆ ಎರಡು ಬೆಟ್ಟಗಳ ನಡುವೆ ಒಂದು ಕಣಿವೆ, ದೂರ ದೂರ ಹೋಗುವ ದಾರಿ, ಮರ. ಆದರೆ ಎಲ್ಲವೂ ಬೂದಿ. ಬಿಳಿ ಸುಣ್ಣದ ಪುಡಿ, ದೀಪದ ಕಾಡಿಗೆ ಮತ್ತು ಅಂಟು, ಇಷ್ಟರಲ್ಲೇ ಒಂದು ಲೋಕ.

“ಕ್ಯಾಮರಾಕ್ಕೆ ಬಣ್ಣ ಗೊತ್ತಾಗುದಿಲ್ಲ. ಅದಕ್ಕೆ ಗೊತ್ತಿರುದು ಬೆಳಕು, ಕತ್ತಲೆ ಎರಡೇ. ಕೆಂಪು ಹಚ್ಚಿದ್ರೆ ಕಪ್ಪಾಗಿ ಬೀಳ್ತದೆ” ಎಂದರು ಇವರು.

“ಹಾಗಾದ್ರೆ ಅದು ಹಸಿರು ಮರ ಅಂತ ನೋಡುವವರಿಗೆ ಹೇಗೆ ಗೊತ್ತಾಗ್ತದೆ?”

“ಅದನ್ನು ಅವರವರೇ ಹಚ್ಚಿಕೊಳ್ತಾರೆ.”

ಆ ಪರದೆ ಇದ್ದ ಸಿನಿಮಾ ಬಿಡುಗಡೆಯಾದಾಗ ನಾನೂ ಅಮ್ಮನೂ ಹೋಗಿ ನೋಡಿದೆವು. ಒಂದು ಹಾಡಿನ ಹಿಂದೆ ಆ ಕಣಿವೆ ಬಂತು. ನಾಯಕಿ ಅತ್ತ ಇತ್ತ ಓಡಾಡಿದಾಗ ಅವಳ ಭುಜದ ಆಚೆ ಆ ದಾರಿ, ಆ ಮರ. ಅಮ್ಮ ಅದು ನಿಜವಾದ ಬೆಟ್ಟವೆಂದೇ ತಿಳಿದು, ಇವರೆಲ್ಲ ಯಾವ ಊರಿಗೆ ಹೋಗಿ ತೆಗೆದರೋ ಎಂದಳು.  ಪಕ್ಕದ ಸೀಟಿನ ಅಪರಿಚಿತ ಹೆಂಗಸಿನ ಕೈ ಹಿಡಿದು ಅದು ನನ್ನ ಗಂಡ ಬರೆದದ್ದು ಎನ್ನಬೇಕೆಂದು ನನಗೆ ಅನಿಸಿತು.

ಮದುವೆಯಾದ ಮೂರನೆಯ ವರ್ಷವಿರಬೇಕು, ಒಂದು ಚಿತ್ರದವರು ಹೊರಾಂಗಣ ಶೂಟಿಂಗಿಗೆಂದು ಧರ್ಮಪುರಿಯ ಆಚೆಯ ಬೆಟ್ಟಗಳ ಕಡೆಗೆ ಹೋದರು. ದೇವಸ್ಥಾನದ ಗೋಪುರವೊಂದನ್ನು ಹಲಗೆಯಲ್ಲಿ ಕಟ್ಟಿ ಬಣ್ಣ ಹಚ್ಚಲು ಇವರನ್ನೂ ಕರೆದುಕೊಂಡು ಹೋಗಿದ್ದರು. ನಾಯಕಿಗೆ ಜ್ವರ ಬಂದು ಮೂರು ದಿನ ಶೂಟಿಂಗ್ ನಿಂತಿತು. ಉಳಿದವರು ಇಸ್ಪೀಟು ಆಡಿದರಂತೆ. ಇವರು ಒಂದು ಬಂಡೆಯ ಮೇಲೆ ಕುಳಿತು ಕೆಳಗಿನ ಕಣಿವೆ ನೋಡಿದರು.

ವಾಪಸು ಬಂದವರು ಒಂದು ವಾರ ಅದನ್ನೇ ಹೇಳಿದರು. ಅಷ್ಟೇನೂ ದೊಡ್ಡ ಕಣಿವೆಯಲ್ಲವಂತೆ. ರಾಗಿ ಹೊಲ, ಸಾಮೆ ಹೊಲ, ನಡುವೆ ಒಂದು ತೊರೆ, ಏಳೆಂಟು ಹೆಂಚಿನ ಮನೆ. ಆದರೆ ಹೊಲದ ಅಂಚಿಗೆಲ್ಲ ಹುಚ್ಚೆಳ್ಳು ಬಿತ್ತಿದ್ದರಂತೆ, ಅದೆಲ್ಲ ಒಟ್ಟಿಗೆ ಹಳದಿ ಹೂ ಬಿಟ್ಟಿತ್ತಂತೆ. ಬೆಳಗಿನ ಮಂಜು ಕಣಿವೆಯಿಂದ ಏಳುವಾಗ ಆ ಹಳದಿ ಒಂದೊಂದೇ ಹೊಲದಲ್ಲಿ ಬೆಳಗುತ್ತಿತ್ತಂತೆ. ಹೇಳುತ್ತ ಹೇಳುತ್ತ ಇವರ ಕೈ ಗಾಳಿಯಲ್ಲಿ ಆಡುತ್ತಿತ್ತು. ಕಡಿಮೆ ಮಾತಿನ ಮನುಷ್ಯ ಹೀಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅದೇ ಸುಮಾರಿಗೆ ಮೂರ್ ಮಾರ್ಕೆಟ್ಟಿನ ಹಳೆ ಪುಸ್ತಕದ ಅಂಗಡಿಯಲ್ಲಿ ಇವರಿಗೆ ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಒಳಗೆ ಫ್ರಾನ್ಸ್ ದೇಶದ ಹಳೆಯ ಚಿತ್ರಕಾರರ ಚಿತ್ರಗಳು, ಬಣ್ಣದಲ್ಲಿ. ಇವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಹೈಸ್ಕೂಲಿನ ಇಂಗ್ಲಿಷಿನಲ್ಲಿ ಎಡವುತ್ತ ಓದಿ ಹೇಳಿದೆ: ಆ ಚಿತ್ರಕಾರರನ್ನು ಇಂಪ್ರೆಷನಿಸ್ಟ್ ಎನ್ನುತ್ತಾರಂತೆ, ಕೋಣೆಯಲ್ಲಿ ಕುಳಿತು ಬರೆಯುತ್ತಿರಲಿಲ್ಲವಂತೆ, ಹೊಲದಲ್ಲೇ, ನದಿಯ ದಡದಲ್ಲೇ ನಿಂತು ಬರೆಯುತ್ತಿದ್ದರಂತೆ, ಮೊದಮೊದಲು ಜನ ಅವರನ್ನು ನೋಡಿ ನಗುತ್ತಿದ್ದರಂತೆ. ಇವರು ನನ್ನ ಓದನ್ನು ಅರ್ಧಕ್ಕೆ ನಿಲ್ಲಿಸಿ ಒಂದು ಪುಟದ ಮೇಲೆ ಬೆರಳಿಟ್ಟರು.

“ನೋಡು, ಇವರು ಮರ ಬರೀಲೇ ಇಲ್ಲ. ಮರದ ಮೇಲೆ ಬಿದ್ದ ಬೆಳಕು ಬರ್ದಿದ್ದಾರೆ.”

ಆಮೇಲೆ ಎಣ್ಣೆ ಬಣ್ಣದ ಟ್ಯೂಬುಗಳು ಬಂದವು, ಕ್ಯಾನ್ವಾಸು ಬಂತು. ಭಾನುವಾರಗಳಲ್ಲಿ ಮೊಟ್ಟೆಮಾಡಿಯಲ್ಲಿ, ಒಣಹಾಕಿದ ಸೀರೆಗಳ ಮರೆಯಲ್ಲಿ, ಇವರು ತಮ್ಮ ಕಣಿವೆಯನ್ನು ನೆನಪಿನಿಂದ ಬರೆಯಲು ಕುಳಿತರು. ಪಕ್ಕದ ಪೋರ್ಷನ್ನಿನ ಮಾಮಿ ವಡಾಮು, ಅಂದರೆ ಸಂಡಿಗೆ, ಒಣಗಿಸಲು ಬಂದವಳು ಹಿಂದೆ ನಿಂತು ನೋಡಿ, ಮಳೆಗಾಲದ ಚಿತ್ರವೇ ಎಂದು ಕೇಳಿ ಹೋದಳು.

ಅವಳ ತಪ್ಪಲ್ಲ. ಅದು ಬೂದಿಯಾಗಿತ್ತು. ಹಳದಿ ಇತ್ತು, ಹಸಿರು ಇತ್ತು, ಆದರೆ ಎಲ್ಲದರ ಮೇಲೂ ಯಾರೋ ಒಲೆಯ ಬೂದಿ ಜರಡಿ ಹಿಡಿದ ಹಾಗೆ. ಇವರು ಚಾಕುವಿನಿಂದ ಕೆರೆದು ಮತ್ತೆ ಬರೆದರು. ಮುಂದಿನ ಭಾನುವಾರ ಮತ್ತೆ ಕೆರೆದರು. ಒಂದು ವರ್ಷ ಹೀಗೇ ನಡೆಯಿತು. ವಾರದಲ್ಲಿ ಆರು ದಿನ ಸುಣ್ಣ, ಕಾಡಿಗೆ; ಏಳನೆಯ ದಿನ ಬಣ್ಣ ಮುಟ್ಟಿದರೆ ಕೈ ತಾನಾಗಿ ಕಪ್ಪಿನ ಕಡೆಗೆ ಹೋಗುತ್ತಿತ್ತು. ನೆರಳು ಎಂದರೆ ಕಪ್ಪು, ದೂರ ಎಂದರೆ ಬೂದಿ ಎಂದು ಕೈ ಕಲಿತುಬಿಟ್ಟಿತ್ತು. ಒಂದು ಸಂಜೆ ಬ್ರಶ್ಶು ತೊಳೆಯುತ್ತ, ನನ್ನ ಕೈಗೆ ಬೂದಿ ಹತ್ತಿದೆ, ಅದು ಇನ್ನು ಹೋಗುವುದಿಲ್ಲ ಎಂದು ಇವರು ಮೆಲ್ಲಗೆ ಹೇಳಿದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ನನಗೆ ಭಯವಾಯಿತು.

ಆ ಕಣಿವೆಗೇ ಹೋಗೋಣ ಎಂದದ್ದು ನಾನು. ಆ ಪುಸ್ತಕದಲ್ಲಿ ಅವರು ಹೊಲದಲ್ಲೇ ನಿಂತು ಬರೆದರು ಎಂದಿತ್ತಲ್ಲ, ಇವರು ಮೊಟ್ಟೆಮಾಡಿಯಲ್ಲಿ ಸೀರೆಗಳ ನಡುವೆ ಕುಳಿತು ಬರೆದರೆ ಎಲ್ಲಿಂದ ಬರಬೇಕು ಬೆಳಕು? ನವರಾತ್ರಿ ಕಳೆದ ಮೇಲೆ ಸ್ಟುಡಿಯೋದಲ್ಲಿ ಒಂದು ಸೆಟ್ಟು ಮುಗಿದು ಇನ್ನೊಂದು ಶುರುವಾಗುವುದಕ್ಕೆ ಹತ್ತು ದಿನ ಬಿಡುವಿತ್ತು. ರೈಲಿನಲ್ಲಿ ಹೋಗಿ, ಎರಡು ಬಸ್ಸು ಬದಲಿಸಿ, ಕೊನೆಯ ಮೂರು ಮೈಲಿ ಎತ್ತಿನ ಗಾಡಿಯಲ್ಲಿ ಹೋದೆವು. ಶೂಟಿಂಗಿನ ಸಮಯದಲ್ಲಿ ಇವರಿಗೆ ಪರಿಚಯವಾಗಿದ್ದ ಅಲ್ಲಿಯ ಶಾಲೆಯ ಮೇಷ್ಟ್ರು ತಮ್ಮ ಮನೆಯ ಮುಂದಿನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಅವರ ಹೆಂಡತಿ ತಮಿಳಿನವಳು, ನನಗಿಂತ ಒಂದೆರಡು ವರ್ಷ ದೊಡ್ಡವಳು. ಹಳ್ಳಿಯಲ್ಲಿ ಹೆಚ್ಚಿನವರು ಕನ್ನಡದವರೇ, ಆದರೆ ಅವರ ಕನ್ನಡ ಒಂದು ಕಾಲು ತಮಿಳಿನಲ್ಲಿ ಇಟ್ಟುಕೊಂಡೇ ನಡೆಯುತ್ತಿತ್ತು. ನನ್ನದೂ ಅಷ್ಟೇ ಆದ್ದರಿಂದ ತೊಂದರೆಯಾಗಲಿಲ್ಲ.

ಮೊದಲನೆಯ ಬೆಳಿಗ್ಗೆ ಇವರ ಜೊತೆ ಆ ಬಂಡೆಯ ತನಕ ಹತ್ತಿದೆ. ಕೆಳಗೆ ಏನೂ ಇರಲಿಲ್ಲ, ಬರೀ ಮಂಜು, ಹಾಲು ಉಕ್ಕಿ ನಿಂತ ಹಾಗೆ. ಇವರು ಕ್ಯಾನ್ವಾಸು ನಿಲ್ಲಿಸಿ ಕಾದರು. ನಾನು ಸೆರಗು ಹೊದ್ದು ಕುಳಿತೆ. ಸೂರ್ಯ ಎದುರಿನ ಬೆಟ್ಟದ ಭುಜಕ್ಕೆ ಬಂದಾಗ ಮಂಜು ಒಂದು ಕಡೆಯಿಂದ ತೆಳುವಾಯಿತು. ಮೊದಲು ಒಂದು ಮನೆಯ ಹೆಂಚಿನ ಮಾಡು ಕಂಡಿತು. ಆಮೇಲೆ ತೊರೆಯ ಒಂದು ತುಂಡು. ಆಮೇಲೆ ಆ ಹಳದಿ. ನಾನು ಹುಟ್ಟಿದಾರಭ್ಯ ಮದ್ರಾಸಿನ ಸಮುದ್ರ ಬಿಟ್ಟರೆ ದೊಡ್ಡದೇನನ್ನೂ ನೋಡಿರಲಿಲ್ಲ. ಸಮುದ್ರ ಯಾವಾಗಲೂ ಗದ್ದಲ ಮಾಡುತ್ತದೆ. ಈ ಕಣಿವೆಯಲ್ಲಿ ಅಷ್ಟು ದೂರದ ಮನೆಯಲ್ಲಿ ಯಾರೋ ಕೊಡ ಕೆಳಗಿಟ್ಟ ಸದ್ದು ಕೇಳಿಸಿತು. ಇದನ್ನು ಒಂದು ವರ್ಷ ಮನಸ್ಸಿನಲ್ಲಿ ಹೊತ್ತುಕೊಂಡು ಬೂದಿಯ ಬಕೆಟ್ಟಿನಲ್ಲಿ ಕೈಯಾಡಿಸಿದ್ದಾರಲ್ಲ ಈ ಮನುಷ್ಯ ಎಂದು ನನಗೆ ಇವರ ಮೇಲೆ ಹೊಸದಾಗಿ ಗೌರವ ಬಂತು.

ಆದರೂ ಮೊದಲ ಎರಡು ದಿನ ಚಿತ್ರ ಬರಲಿಲ್ಲ. ಆ ಬೆಳಕು ಒಂದು ಗಂಟೆಯಷ್ಟೇ ಇರುತ್ತಿತ್ತು, ಅಷ್ಟರಲ್ಲಿ ಇವರು ಹಳದಿಯ ಮೇಲೆ ಹಳದಿ ಹಚ್ಚುತ್ತಿದ್ದರು. ಹಚ್ಚಿದಷ್ಟೂ ಅದು ಮಂಕಾಗುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಮೇಷ್ಟ್ರ ಮನೆಯ ಜಗಲಿಯಲ್ಲಿ ಅವರ ಹೆಂಡತಿ ಮತ್ತು ನಾನು ಹೂ ಕಟ್ಟುತ್ತ ಕುಳಿತಿದ್ದೆವು. ಅವರ ಹಿತ್ತಲಲ್ಲಿ ಕನಕಾಂಬರ ಧಾರಾಳವಾಗಿತ್ತು, ಬಾವಿಯ ಪಕ್ಕ ಮರುಗದ ಗಿಡವಿತ್ತು. ಇವರು ಗೋಡೆಗೆ ಒರಗಿ ತಮ್ಮ ಚಿತ್ರವನ್ನೇ ದಿಟ್ಟಿಸುತ್ತಿದ್ದರು. ಹಳದಿ ಬಣ್ಣದ ಟ್ಯೂಬು ಮುಗಿಯುತ್ತ ಬಂತು, ಆದರೂ ಹೊಲ ಉರಿಯುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ನಾನು ನೂಲಿನಿಂದ ಕಣ್ಣೆತ್ತದೆ, ಯಾವ ಆಲೋಚನೆಯೂ ಇಲ್ಲದೆ ಹೇಳಿದೆ:

“ಕನಕಾಂಬರ ಒಂದನ್ನೇ ಕಟ್ಟಿದ್ರೆ ಮುಡಿಯಲ್ಲಿ ಕಾಣುದೇ ಇಲ್ಲ. ನಾಲ್ಕು ಹೂವಿಗೆ ಒಂದು ಎಸಳು ಮರುಗ ಇಟ್ರೆ ಆಗ ಉರೀತದೆ. ನಿಮ್ಮ ಹಳದಿಯ ಪಕ್ಕದಲ್ಲಿ ಎಂತ ಉಂಟು? ಬರೀ ಬೂದಿ.”

 ಕಣ್ಣೆತ್ತಿ ನೋಡಿದರೆ ಇವರು ನನ್ನ ಕೈಯಲ್ಲಿದ್ದ ಮಾಲೆಯನ್ನು ನೋಡುತ್ತಿದ್ದರು. ಎದ್ದು ಬಂದು ಅದನ್ನು ತೆಗೆದುಕೊಂಡು, ಮರುಗದ ಎಸಳೊಂದನ್ನು ಕಿತ್ತು ನೋಡಿದರು, ಮತ್ತೆ ಸಿಕ್ಕಿಸಿ ನೋಡಿದರು. ಮೇಷ್ಟ್ರ ಹೆಂಡತಿ ನಗು ತಡೆಯಲಾರದೆ ಒಳಗೆ ಹೋದಳು. ಇವರು ಒಳಗಿನಿಂದ ಬಣ್ಣದ ಪೆಟ್ಟಿಗೆ ತಂದು, ಕಪ್ಪು ಬಣ್ಣದ ಟ್ಯೂಬನ್ನು ಆರಿಸಿ ನನ್ನ ಕೈಯಲ್ಲಿಟ್ಟರು.

“ಇದನ್ನು ಎಲ್ಲಿಯಾದ್ರೂ ಅಡಗಿಸಿಡು. ನಾನು ಕೇಳಿದ್ರೂ ಕೊಡಬೇಡ.”

ನಾನು ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೆ.

ಮೂರನೆಯ ಬೆಳಿಗ್ಗೆ ಬಂಡೆಯ ಮೇಲೆ ಕುಳಿತು ಇವರು ಪೂರ್ತಿ ಕಾಲು ಗಂಟೆ ಬೆಟ್ಟದ ನೆರಳನ್ನೇ ನೋಡಿದರು. ಅಲ್ಲಿ ಕಪ್ಪು ಇಲ್ಲವೇ ಇಲ್ಲ ಎಂದರು. ನಾನೂ ನೋಡಿದೆ. ಹೌದು, ಅದು ನೇರಳೆಹಣ್ಣು ತಿಂದ ನಾಲಗೆಯ ಬಣ್ಣ, ಅಂಚಿಗೆ ಬಂದಂತೆ ನೀಲಿ. ದಿನಾ ನೋಡುವ ನೆರಳಿಗೆ ಬಣ್ಣವಿದೆ ಎಂಬುದು ಇಪ್ಪತ್ತನಾಲ್ಕು ವರ್ಷ ನನಗೆ ಗೊತ್ತಿರಲಿಲ್ಲ. ಇವರು ಆ ನೇರಳೆಯನ್ನು ಬೆರೆಸಿ ಚಿಕ್ಕ ಚಿಕ್ಕ ಮುದ್ದೆಗಳಾಗಿ ಇಟ್ಟು, ಅದಕ್ಕೆ ತಾಗಿಸಿ ಒಂದು ಚುಕ್ಕೆ ಹಳದಿ ಇಟ್ಟರು. ಒಂದೇ ಚುಕ್ಕೆ. ಅದು ಹೊತ್ತಿಕೊಂಡಿತು.

ಮಂಜು ಏರಿ ಬೆಳಕು ಬದಲಾಗತೊಡಗಿದಾಗ ಅಭ್ಯಾಸ ಬಲದಿಂದ ಇವರ ಕೈ ಹಿಂದಕ್ಕೆ ಚಾಚಿತು. ಕಪ್ಪು ಕೊಡು, ಮರದ ಬುಡಕ್ಕೆ ಒಂಚೂರು ಸಾಕು ಎಂದರು. ಇಲ್ಲ ಎಂದೆ. ಒಂದು ಸಾಸಿವೆಯಷ್ಟು ಎಂದರು. ಗಂಡನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಇಲ್ಲ ಎಂದರೆ ಇಲ್ಲ ಎಂದೆ. ಇವರು ಗೊಣಗುತ್ತ ಕೆಂಪು ಮತ್ತು ಹಸಿರು ಬೆರೆಸಿ ಏನೋ ಮಾಡಿಕೊಂಡರು. ಆಮೇಲೆ ಆ ಮರದ ಬುಡವೇ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗವಾಯಿತು.

ಒಟ್ಟು ಐದು ಬೆಳಿಗ್ಗೆ. ಪ್ರತಿದಿನ ಅದೇ ಒಂದು ಗಂಟೆ. ಬೆಳಕು ಹೋದ ಕೂಡಲೇ ಬ್ರಶ್ಶು ಕೆಳಗಿಡುತ್ತಿದ್ದರು, ಎಷ್ಟೇ ಆಸೆಯಾದರೂ ಆಮೇಲೆ ಒಂದು ಗೆರೆಯನ್ನೂ ಎಳೆಯುತ್ತಿರಲಿಲ್ಲ. ಕೊನೆಯ ದಿನ ಇವರು ಎದ್ದು ಕೈ ಒರೆಸಿಕೊಳ್ಳುತ್ತಿದ್ದಾಗ, ಸೊಪ್ಪಿನ ಹೊರೆ ಹೊತ್ತು ಕಾಲುದಾರಿಯಲ್ಲಿ ಬರುತ್ತಿದ್ದ ಒಬ್ಬ ಮುದುಕಿ ನಿಂತಳು. ದಿನಾ ನಮ್ಮನ್ನು ದೂರದಿಂದ ನೋಡಿ ಹೋಗುತ್ತಿದ್ದವಳು. ಹತ್ತಿರ ಬಂದು ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿ, ಇದೇನು ಸಾಮಿ ಬರೀ ಮೆತ್ತಿದ್ದೀರಿ ಎಂದಳು. ಇವರು ನಕ್ಕರು. ಅವಳು ಹೊರೆ ಸರಿಮಾಡಿಕೊಂಡು ಹತ್ತು ಹೆಜ್ಜೆ ಕೆಳಗಿಳಿದು, ಏಕೋ ತಿರುಗಿ ನೋಡಿ ನಿಂತುಬಿಟ್ಟಳು.

“ಮಂಜು ಇನ್ನೂ ಪೂರಾ ಎದ್ದಿಲ್ಲ. ಹೊಲ ಒದ್ದೆ ಐತೆ. ಆಡು ಬಿಡಾಕೆ ಇನ್ನೂ ಹೊತ್ತಾಗಿಲ್ಲ” ಎಂದಳು.

ಬಿಸಿಲು ಆಗಲೇ ಏರಿತ್ತು, ಆಡುಗಳು ಎದುರಿನ ಗುಡ್ಡದಲ್ಲಿ ಮೇಯುತ್ತಿದ್ದವು. ಅವಳು ಹೇಳುತ್ತಿದ್ದದ್ದು ಚಿತ್ರದ ಒಳಗಿನ ಹೊತ್ತನ್ನು. ಚಿತ್ರ ಎಂದರೆ ಕ್ಯಾಲೆಂಡರಿನ ದೇವರು ಬಿಟ್ಟು ಬೇರೇನನ್ನೂ ನೋಡಿರದ ಹೆಂಗಸು, ದಿನಾ ತಾನು ಆಡು ಬಿಡುವುದಕ್ಕೆ ಮುಂಚಿನ ಗಳಿಗೆಯನ್ನು ಅದರಲ್ಲಿ ಗುರುತು ಹಿಡಿದಿದ್ದಳು. ಇವರು ಅವಳಿಗೆ ಕೈ ಮುಗಿದರು. ಏಕೆಂದು ತಿಳಿಯದೆ ಅವಳೂ ಕೈ ಮುಗಿಯಲು ಹೋದಾಗ ಹೊರೆ ಜಾರಿತು.

ಆ ಚಿತ್ರ ಎರಡೂವರೆ ಅಡಿ ಅಗಲ, ಎರಡಡಿಗೆ ಸ್ವಲ್ಪ ಕಡಿಮೆ ಎತ್ತರ. ಹತ್ತಿರದಿಂದ ನೋಡಿದರೆ ಮುದುಕಿ ಹೇಳಿದಂತೆ ಬರೀ ಮೆತ್ತಿದ್ದು. ದಪ್ಪ ಬಣ್ಣದ ಗುಳ್ಳೆಗಳು, ಬ್ರಶ್ಶಿನ ಕೂದಲು ಎಳೆದ ಗೀರುಗಳು, ಒಂದು ಕಡೆ ಹೆಬ್ಬೆರಳು ಒತ್ತಿದ ಗುರುತು. ಹಿಂದಕ್ಕೆ ನಡೆಯುತ್ತ ಹೋದರೆ ಏಳನೆಯದೋ ಎಂಟನೆಯದೋ ಹೆಜ್ಜೆಗೆ ಎಲ್ಲ ಒಂದಕ್ಕೊಂದು ಕೈ ಹಿಡಿದುಕೊಳ್ಳುತ್ತವೆ. ಚಾಕುವಿನ ಮೂರು ಎಳೆತ ತೊರೆಯಾಗುತ್ತದೆ. ಕಾವಿಯ ಒಂದು ಚುಕ್ಕೆ ಮನೆಯ ಮಾಡಾಗುತ್ತದೆ, ಅದರ ಮೇಲಿನ ಬಿಳಿಯ ಒರೆಸು ಒಲೆಯ ಹೊಗೆಯಾಗುತ್ತದೆ. ಮನುಷ್ಯರನ್ನು ಇವರು ಬರೆದಿಲ್ಲ. ಆದರೂ ಆ ಮಾಡಿನ ಕೆಳಗೆ ಯಾರೋ ಎದ್ದಿದ್ದಾರೆ, ಮುಖ ತೊಳೆಯುತ್ತಿದ್ದಾರೆ ಎಂದು ಗೊತ್ತಾಗುತ್ತದೆ.

ಮುಂದಿನ ವರ್ಷ ಎಗ್ಮೋರಿನ ಒಂದು ಸಭಾಂಗಣದಲ್ಲಿ ಚಿತ್ರಕಾರರ ಪ್ರದರ್ಶನ ನಡೆಯಿತು. ಸ್ಟುಡಿಯೋದ ಗೆಳೆಯರು ಒತ್ತಾಯ ಮಾಡಿ ಇವರ ಚಿತ್ರವನ್ನೂ ಕಳುಹಿಸಿದರು. ಬಹುಮಾನ ಬರಲಿಲ್ಲ. ತೀರ್ಪು ಕೊಟ್ಟವರಲ್ಲೊಬ್ಬರು, ಇದು ನಮ್ಮ ದೇಶದ ಬೆಳಕಲ್ಲ, ಎಲ್ಲಿಯೋ ನೋಡಿ ಬರೆದ ಹಾಗಿದೆ, ಮುಗಿಸಿಯೂ ಇಲ್ಲ ಎಂದರಂತೆ. ಐದು ಬೆಳಿಗ್ಗೆ ಆ ಬಂಡೆಯ ಚಳಿಯಲ್ಲಿ ಕುಳಿತಿದ್ದ ನನಗೆ ಮೈ ಉರಿದುಹೋಯಿತು. ಇವರು ಮಾತ್ರ, ಮುಗಿಸಿಲ್ಲ ಎಂದದ್ದು ಸರಿಯೇ, ಬೆಳಕು ಮುಗಿಯುವುದುಂಟಾ ಎಂದು ಊಟಕ್ಕೆ ಕುಳಿತರು.

ಪ್ರದರ್ಶನದ ಕೊನೆಯ ದಿನ ಇವರಿಗೆ ಕೆಲಸವಿತ್ತು. ನಾನೊಬ್ಬಳೇ ಬಸ್ಸಿನಲ್ಲಿ ಹೋದೆ. ಚಿತ್ರವನ್ನು ಒಂದು ಕಂಬದ ಎದುರಿನ ಗೋಡೆಗೆ ಹಾಕಿದ್ದರು. ಬಂದವರೆಲ್ಲ ನೇರವಾಗಿ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು, ಹುಬ್ಬು ಗಂಟಿಕ್ಕಿ, ಮುಂದಿನ ಚಿತ್ರಕ್ಕೆ ಹೋಗುತ್ತಿದ್ದರು. ಒಬ್ಬರಾದ ಮೇಲೆ ಒಬ್ಬರು. ಅರ್ಧ ಗಂಟೆ ನೋಡಿದೆ, ತಡೆಯಲಾಗಲಿಲ್ಲ. ಅಂಚಿನ ಪಂಚೆ ಉಟ್ಟ ಒಬ್ಬ ದೊಡ್ಡ ಮನುಷ್ಯರು ಹಾಗೇ ಬಗ್ಗಿ ನೋಡುತ್ತಿದ್ದಾಗ ಹತ್ತಿರ ಹೋಗಿ, ಕೊಂಚಂ ಪಿನ್ನಾಡಿ ಪೋಯಿ ಪಾರುಂಗೊ, ಸ್ವಲ್ಪ ಹಿಂದೆ ಹೋಗಿ ನೋಡಿ ಎಂದುಬಿಟ್ಟೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆದರೂ ಹಿಂದೆ ಹೆಜ್ಜೆ ಇಟ್ಟರು. ಇನ್ನೂ ಹಿಂದೆ ಎಂದೆ. ಅವರ ಬೆನ್ನು ಕಂಬಕ್ಕೆ ತಾಗಿತು. ತಾಗಿದ ಮೇಲೆ ಅವರು ಅಲ್ಲಿಂದ ಕದಲಲಿಲ್ಲ. ಕೊನೆಗೆ ಹೋಗುವಾಗ ಯಾರು ಬರೆದದ್ದು ಎಂದು ಕೇಳಿದರು. ನಾನು ಗಂಡನ ಹೆಸರು ಹೇಳುವಂತಿಲ್ಲ. ಕೆಳಗೆ ಅಂಟಿಸಿದ್ದ ಚೀಟಿ ತೋರಿಸಿದೆ.

ಆಮೇಲೆ ನನಗೆ ಧೈರ್ಯ ಬಂತು. ಸಾಯಂಕಾಲದವರೆಗೂ ಅದೇ ಕೆಲಸ. ಕಾಲೇಜು ಹುಡುಗಿಯರನ್ನು, ಬ್ಯಾಂಕಿನವರನ್ನು, ಒಂದು ಪೂರ್ತಿ ಗುಜರಾತಿ ಸಂಸಾರವನ್ನು ಕಂಬದವರೆಗೆ ನಡೆಸಿದೆ. ಎಲ್ಲರೂ ಮೆಚ್ಚಿದರು ಎಂದರೆ ಸುಳ್ಳಾಗುತ್ತದೆ. ಆದರೆ ಕಂಬಕ್ಕೆ ಒರಗಿದವರಲ್ಲಿ ಅವಸರದಿಂದ ಹೋದವರು ಕಡಿಮೆ.

ನಾಲ್ಕು ಗಂಟೆಯ ಹೊತ್ತಿಗೆ ಅಪ್ಪಯ್ಯ ಬಂದರು. ನಾನು ಬರಹೇಳಿದ್ದೆ, ಬರುತ್ತಾರೆಂದು ನಂಬಿರಲಿಲ್ಲ. ಹೋಟೆಲಿನಿಂದ ನೇರವಾಗಿ ಬಂದಿದ್ದರು, ಅಂಗಿಯಲ್ಲಿ ಇನ್ನೂ ಸಾಂಬಾರಿನ ವಾಸನೆ. ಅವರೂ ಎಲ್ಲರ ಹಾಗೆ ಹತ್ತಿರ ಹೋಗಿ ನೋಡಿ, ಅಳಿಯಂದಿರಿಗೆ ಮುಗಿಸಲು ಪುರುಸೊತ್ತಾಗಲಿಲ್ಲವಾ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ನಾನು ಅವರ ತೋಳು ಹಿಡಿದುಕೊಂಡು ಹಿಂದಕ್ಕೆ ನಡೆಸಿದೆ. ಚಿಕ್ಕವಳಿದ್ದಾಗ ಬಿಟ್ಟರೆ ಹಾಗೆ ಅವರ ತೋಳು ಹಿಡಿದದ್ದಿಲ್ಲ. ಕಂಬದ ಹತ್ತಿರ ನಿಲ್ಲಿಸಿದೆ. ಅಪ್ಪಯ್ಯ ನೋಡಿದರು. ಹೆಗಲ ಮೇಲಿನ ತುಂಡು ಬಟ್ಟೆಯಿಂದ ಮುಖ ಒರೆಸಿಕೊಂಡು ಮತ್ತೆ ನೋಡಿದರು.

“ಇಲ್ಲಿ ತಂಪು ಉಂಟು ಮಗಾ” ಎಂದರು.

ಮೂವತ್ತು ವರ್ಷ ಬಾಯ್ಲರಿನ ಪಕ್ಕ ನಿಂತವರ ಮಾತು ಅದು. ನನಗೆ ಬೇರೆ ಯಾವ ಬಹುಮಾನವೂ ಬೇಡವೆನಿಸಿತು. ಆಮೇಲೆ ಯಾರಾದರೂ ಅಳಿಯ ಏನು ಮಾಡುತ್ತಾನೆ ಎಂದು ಕೇಳಿದರೆ ಅಪ್ಪಯ್ಯ, ಸ್ಟುಡಿಯೋದಲ್ಲಿ ಚಿತ್ರ ಬರೆಯುತ್ತಾರೆ, ಹಿಂದೆ ನಿಂತು ನೋಡಬೇಕು ಎಂದು ಹೇಳತೊಡಗಿದರು.

ಅರವತ್ತರ ದಶಕದ ನಡುವಿನಲ್ಲಿ ಸ್ಟುಡಿಯೋಗಳಲ್ಲಿ ಬಣ್ಣದ ಸಿನಿಮಾಗಳು ಹೆಚ್ಚಾದವು. ಬೂದಿಯಲ್ಲಿ ಕೈ ಪಳಗಿದ ಹಳೆಯ ಪರದೆಯವರಲ್ಲಿ ಹಲವರಿಗೆ ಕಷ್ಟವಾಯಿತು. ಬಣ್ಣ ಹಚ್ಚಿ ಎಂದರೆ ಕ್ಯಾಲೆಂಡರಿನ ಹಾಗೆ ಹಚ್ಚುತ್ತಿದ್ದರು, ದೀಪ ಬಿದ್ದಾಗ ಅದು ಕಣ್ಣು ಚುಚ್ಚುತ್ತಿತ್ತು. ಒಂದು ಕನ್ನಡ ಚಿತ್ರಕ್ಕೆ ಹಾಡಿನ ಹಿಂದೆ ಒಂದು ಕಣಿವೆ ಬೇಕಾಯಿತು. ಇವರಿಗೆ ಹೇಳಿದರು. ಇವರು ನಾಲ್ಕು ದಿನ ಆ ನಲವತ್ತು ಅಡಿಯ ಬಟ್ಟೆಯ ಮೇಲೆ ನಡೆದರು. ಮನೆಗೆ ಬರುವಾಗ ಕಿವಿಯ ಹಿಂದೆ ನೇರಳೆ, ಹುಬ್ಬಿನ ಮೇಲೆ ಹಳದಿ. ನಾನು ಬಿಸಿನೀರು ಕೊಡುವುದನ್ನೂ ಮರೆತು ನೋಡುತ್ತ ನಿಲ್ಲುತ್ತಿದ್ದೆ.

ಪರದೆ ಏರಿಸುವ ದಿನ ನನ್ನನ್ನೂ ಬರಹೇಳಿದರು. ನಿರ್ದೇಶಕರು ಬಂದು ಪರದೆಯ ಎದುರು ನಿಂತರು. ಒಳ್ಳೆಯವರೇ, ಆದರೆ ಅವಸರದ ಮನುಷ್ಯ. ಇದೇನು ಚುಕ್ಕೆ ಚುಕ್ಕೆ, ಸಿಡುಬು ಎದ್ದ ಹಾಗಿದೆ, ಬೆಳಿಗ್ಗೆ ಹತ್ತಕ್ಕೆ ಶೂಟಿಂಗು ಇಟ್ಟುಕೊಂಡು ಇದನ್ನು ಏನು ಮಾಡಲಿ ಎಂದು ಎಲ್ಲರೆದುರು ಹೇಳಿದರು. ಇವರು ಬ್ರಶ್ಶಿನ ಕೋಲು ಗೋಡೆಗೆ ಒರಗಿಸಿ ನಿಂತರು. ನನಗೆ ಬಾಯಿ ತೆರೆಯಬೇಕೆನಿಸಿತು, ಆದರೆ ಅದು ಎಗ್ಮೋರಿನ ಸಭಾಂಗಣವಲ್ಲ, ಇವರ ಅನ್ನದ ಜಾಗ.

ಕ್ಯಾಮರಾಮನ್ ಒಬ್ಬ ತಮಿಳಿನ ಹಿರಿಯರು. ಅವರು ಯಾರ ಮಾತನ್ನೂ ಕೇಳಿಸಿಕೊಳ್ಳದವರಂತೆ ಕ್ಯಾಮರಾದ ಹಿಂದೆ ಕುಳಿತು, ಎರಡು ದೀಪ ಹಾಕಿಸಿದರು. ಒಂದನ್ನು ಆರಿಸಿ ಇನ್ನೊಂದನ್ನು ಓರೆಯಾಗಿ ತಿರುಗಿಸಲು ಹೇಳಿದರು. ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದು, ನಿರ್ದೇಶಕರಿಗೆ ಕೈಯಲ್ಲಿ ಜಾಗ ತೋರಿಸಿದರು. ನಿರ್ದೇಶಕರು ಕುಳಿತು ಕಣ್ಣಿಟ್ಟರು.  ಅವರು ಎದ್ದು ಇವರ ಕಡೆ ಬಂದು, ಯಾವ ಊರು ಇದು ಎಂದು ಕೇಳಿದರು. ಇವರು ಹೇಳಿದರು. ನಾಯಕಿಗೆ ಹಳದಿ ಸೀರೆ ಇಟ್ಟಿದ್ದೇವೆ, ಈ ಹೊಲದ ಮುಂದೆ ಅದು ಕಾಣುವುದಿಲ್ಲ, ಬದಲಿಸಿ ಎಂದಷ್ಟೇ ಹೇಳಿ ನಿರ್ದೇಶಕರು ಹೊರಗೆ ಹೋದರು.

ಮೂರು ದಿನ ಆ ಕಣಿವೆಯ ಮುಂದೆ ಹಾಡು ನಡೆಯಿತು. ಎರಡೂವರೆ ಅಡಿಯ ಚಿತ್ರ ಇವತ್ತಿಗೂ ನನ್ನ ಮನೆಯಲ್ಲಿದೆ. ಇವರು ಆಮೇಲೆ ಆ ಕಣಿವೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಹತ್ತಾರು ಸಲ ಬರೆದರು, ಅವೆಲ್ಲ ಯಾರ್ಯಾರದೋ ಮನೆ ಸೇರಿವೆ. ಆದರೆ ಇವರ ನೆನಪಾದಾಗ ನನ್ನ ಕಣ್ಣಿಗೆ ಬರುವುದು ಆ ದೊಡ್ಡ ಪರದೆಯ ಕೊನೆಯ ದಿನ.

ಹಾಡು ಮುಗಿದ ಮಾರನೆಯ ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಹೋಗಿದ್ದೆ. ಪರದೆ ಮತ್ತೆ ನೆಲದ ಮೇಲೆ ಹಾಸಿತ್ತು, ಪಕ್ಕದಲ್ಲಿ ಬಕೆಟ್ಟು ತುಂಬ ಬಿಳಿ ಸುಣ್ಣ. ಬಟ್ಟೆ ದುಬಾರಿ, ಮುಂದಿನ ವಾರ ಅದರ ಮೇಲೆ ಅರಮನೆಯ ಗೋಡೆ ಬರಬೇಕಿತ್ತು. ನಾನು ಡಬ್ಬಿ ಹಿಡಿದುಕೊಂಡೇ ನಿಂತೆ. ಬೇರೆ ಯಾರಿಂದಲಾದರೂ ಬಳಿಸಬಾರದೇ, ನೀವೇ ಏಕೆ ಎಂದೆ. 

“ಬೇರೆಯವರು ಗಡಿಬಿಡಿಯಲ್ಲಿ ಬಳಿದ್ರೆ ಕೆಳಗಿನ ಬಣ್ಣ ಎದ್ದು ಬರ್ತದೆ. ಎಲ್ಲಿ ಎಂತ ಉಂಟು ಅಂತ ನನಗೇ ಅಲ್ವಾ ಗೊತ್ತಿರುದು?” ಎಂದರು.

ಮುಖದಲ್ಲಿ ಬೇಸರವಿರಲಿಲ್ಲ. ಚಪ್ಪಲಿ ಬಿಟ್ಟು ಬಟ್ಟೆಯ ಮೇಲೆ ಕಾಲಿಟ್ಟು, ಬ್ರಶ್ಶನ್ನು ಸುಣ್ಣದಲ್ಲಿ ಅದ್ದಿ, ಆಕಾಶದ ಕಡೆಯಿಂದ ಶುರುಮಾಡಿದರು.